ಭಾವಮೈದ ಮುಗಿಸದೆ ಬಿಟ್ಟ ಕೊಲೆ

ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ, ನನಗೆ ಮೊದಲಿನಿಂದಲೂ ಆ ಆಟ ಕಂಡರೆ ಆಗುತ್ತಿರಲಿಲ್ಲ. ವಿಡಿಯೋ ಗೇಮ್ ಎಂದಮೇಲೆ ಓಡಬೇಕು, ಗುಂಡು ಹಾರಿಸಬೇಕು, ಏನಿಲ್ಲವೆಂದರೂ ಒಂದು ಕಾರನ್ನಾದರೂ ಗೋಡೆಗೆ ಗುದ್ದಬೇಕು. ಇದರಲ್ಲಿ ಅದ್ಯಾವುದೂ ಇಲ್ಲ. ಟಿ.ವಿ. ಮೇಲೆ ಒಂದು ಚಿತ್ರ, ಅದರ ಕೆಳಗೆ ನಾಲ್ಕು ಸಾಲು ಬರಹ. ಓದಿ ಗುಂಡಿ ಒತ್ತಿದರೆ ಮತ್ತೆ ನಾಲ್ಕು ಸಾಲು. ಅಪರೂಪಕ್ಕೊಮ್ಮೆ ‘ಈಗ ಯಾರನ್ನು ಪ್ರಶ್ನಿಸುತ್ತೀರಿ?’ ಎಂದು ಕೇಳುತ್ತದೆ. ಇದರ ಬದಲು ಒಂದು ಪುಸ್ತಕ ಓದಿದರೆ ಸಾಲದೆ? ಅದೂ ಇಡೀ ಬರಹ ಜಪಾನಿ ಭಾಷೆಯಲ್ಲಿ!

ಜಪಾನಿ ಬರುತ್ತಿದ್ದದ್ದು ನನ್ನ ಭಾವಮೈದನಿಗೆ. ಹೊಲಿಗೆ ಯಂತ್ರ ತರಿಸುವ ಒಂದು ಕಂಪನಿಯಲ್ಲಿ, ಯಂತ್ರದ ಜೊತೆ ಬರುವ ಕೈಪಿಡಿಗಳನ್ನು ಅನುವಾದಿಸುವುದು ಅವನ ಉದ್ಯೋಗ. ‘ಸೂಜಿಯ ಕೆಳಗೆ ಬೆರಳಿಡಬೇಡಿ’ ಎಂದು ಹದಿನಾರು ವರ್ಷ ಬರೆದು ಬೇಸತ್ತ ಜೀವ, ಪ್ರತಿ ಭಾನುವಾರ ಹನ್ನೊಂದಕ್ಕೆ ನಮ್ಮ ಮನೆಗೆ ಬಂದು, ತನ್ನನ್ನು ಇನ್ನೂ ‘ಪುಟ್ಟ’ ಎಂದೇ ಕರೆಯುವ ಅಕ್ಕನ, ಅಂದರೆ ನನ್ನ ಹೆಂಡತಿಯ, ಪಕ್ಕ ಕೂತು, ಪರದೆಯ ಮೇಲಿನ ಕೊಲೆಯನ್ನು ಕನ್ನಡದಲ್ಲಿ ಹೇಳುತ್ತಿದ್ದ. ಒಂದು ದ್ವೀಪ, ಅಲ್ಲೊಂದು ಹೋಟೆಲು. ದೋಣಿ ನಿಂತುಹೋಗಿದೆ. ಹೋಟೆಲಿನ ಯಜಮಾನ ಬಟ್ಟೆ ಇಡುವ ಕೋಣೆಯಲ್ಲಿ ಸತ್ತು ಬಿದ್ದಿದ್ದಾನೆ. ಯಜಮಾನನ ಹೆಂಡತಿಗೆ ಒಂದು ದನಿ, ಡಾಕ್ಟರಿಗೆ ಒಂದು ದನಿ, ತೋಟದ ಮಾಲಿಗೆ ನೆಗಡಿಯ ದನಿ. ಅಕ್ಕ ತಮ್ಮ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಂದು ಕೊಲೆಗೆ ಅಷ್ಟು ನಗುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

(ನಾನು ಸೋಫಾದ ಮೂಲೆಯಲ್ಲಿ ಪೇಪರಿನ ಹಿಂದೆ ಇರುತ್ತಿದ್ದೆ. ನನಗೂ ಒಂದು ಪಾತ್ರ ಹಿಡಿಸಿತ್ತು, ಆ ದ್ವೀಪದ ಇನ್ಸ್‌ಪೆಕ್ಟರು. ಆತನಿಗೆ ಊಟಕ್ಕೆ ಮುಂಚೆ ಒಬ್ಬರ ಮೇಲೆ, ಊಟವಾದ ಮೇಲೆ ಇನ್ನೊಬ್ಬರ ಮೇಲೆ ಅನುಮಾನ. ಹೋದಲ್ಲೆಲ್ಲ ಕೊಡೆ ಮರೆತು ಬರುತ್ತಾನೆ. ಇಂಥ ದಡ್ಡನಿಗೆ ಸಂಬಳ ಯಾರು ಕೊಡುತ್ತಾರಪ್ಪ ಎಂದು ಪೇಪರಿನ ಹಿಂದೆಯೇ ನಗುತ್ತಿದ್ದೆ.)

ಹೀಗೆ ಎರಡು ವರ್ಷ ಕಳೆದರೂ ಕೊಲೆಗಾರ ಸಿಗಲಿಲ್ಲ. “ಬರೋ ವಾರ ಖಂಡಿತ ಗೊತ್ತಾಗತ್ತೆ ಅಕ್ಕ” ಎಂದು ಹೇಳಿ ಹೋದವನು ಗುರುವಾರ ಕಛೇರಿಯ ಮೆಟ್ಟಿಲ ಮೇಲೆ ಕುಸಿದು ಕೂತ, ಮತ್ತೆ ಏಳಲಿಲ್ಲ. ಅವನಿಗೆ ನಲವತ್ತೊಂದು ವರ್ಷ.

ನನ್ನ ಹೆಂಡತಿ ಅಳಲಿಲ್ಲ. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ವಾರ ಕಳೆದ ಮೇಲೆ ಕೆಲಸಕ್ಕೆ ಹೋದಳು, ಬಂದಳು. ಭಾನುವಾರ ಹನ್ನೊಂದಕ್ಕೆ ಸರಿಯಾಗಿ, ಹಚ್ಚದ ಟಿ.ವಿ. ಎದುರು ಬಂದು ಕೂರುತ್ತಿದ್ದಳು. ನನ್ನ ಜೊತೆ ಜಗಳವಾಡುವುದನ್ನೂ ಬಿಟ್ಟಳು. ಒಂದು ದಿನ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದೆ. ಸುಮ್ಮನೆ ತೆಗೆದು ಒಣಹಾಕಿದಳು. ಮರುದಿನ ಬೇಕೆಂದೇ ಎರಡು ಟವೆಲ್ ಎಸೆದೆ, ಎರಡನ್ನೂ ಒಣಹಾಕಿದಳು. ಆಗ ನನಗೆ ನಿಜಕ್ಕೂ ಭಯವಾಯಿತು. “ಒಂದ್ಸಲ ಅತ್ತುಬಿಟ್ರೆ ಹಗುರಾಗ್ತಾರೆ” ಎಂದರು ಪಕ್ಕದ ಮನೆಯವರು. ಅಳಿಸುವುದು ಹೇಗೆ? ಇಪ್ಪತ್ತು ವರ್ಷ ಪ್ರಯತ್ನವಿಲ್ಲದೆಯೇ ಅಳಿಸಿದ ಮನುಷ್ಯನಿಗೆ ಬೇಕಾದಾಗ ಒಂದು ಉಪಾಯವೂ ಹೊಳೆಯಲಿಲ್ಲ.

ಏಳು ತಿಂಗಳಾದ ಮೇಲೆ, ಒಂದು ಭಾನುವಾರ, ಕಪ್ಪು ಪರದೆ ನೋಡುತ್ತಲೇ ಅವಳು ಹೇಳಿದಳು: “ಕೊನೆಗೂ ಯಾರು ಕೊಂದಿದ್ದು ಅಂತ ಗೊತ್ತಾಗ್ಲೇ ಇಲ್ಲ.”

ನನ್ನೊಳಗಿನ ಸಿಂಹ ಎದ್ದು ಕೂತಿತು. ನಾನು ಯಾರು? ವಿಮಾ ಕಂಪನಿಯ ಕ್ಲೇಮು ತನಿಖಾಧಿಕಾರಿ! ಸುಟ್ಟ ಫ್ರಿಜ್ಜಿನ ಮುಖ ನೋಡಿ, ಅದು ತಾನಾಗಿ ಸುಟ್ಟಿತೋ ಯಾರಾದರೂ ಸುಟ್ಟರೋ ಎಂದು ಹೇಳಬಲ್ಲ ಮಹಾನುಭಾವ! ನನ್ನ ಮನೆಯಲ್ಲೇ ಒಂದು ಕೊಲೆ ಇತ್ಯರ್ಥವಾಗದೆ ಕೊಳೆಯುವುದೆಂದರೇನು?

ಎರಡು ದಿನ ರಜೆ ಹಾಕಿದೆ. ಅವಳು ಅಂಗಡಿಗೆ ಹೋದ ಮೇಲೆ ಟಿ.ವಿ. ಹಚ್ಚಿ, ಕ್ಯಾಮೆರಾ ಹಿಡಿದರೆ ಬರಹವನ್ನು ಕನ್ನಡ ಮಾಡಿಕೊಡುವ ಆ್ಯಪೊಂದನ್ನು ಫೋನಿಗೆ ಹಾಕಿಕೊಂಡು ಪರದೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ. ಆ ಆ್ಯಪಿನ ಕನ್ನಡವೋ! ‘ಗೌರವಾನ್ವಿತ ಶವವೇ, ದಯವಿಟ್ಟು ಅಲ್ಲಿಯೇ ಇರಿ’ ಎಂದರು ಡಾಕ್ಟರು. ‘ನನ್ನ ಹೊಟ್ಟೆ ಎದ್ದು ನಿಂತಿದೆ’ ಎಂದಳು ಯಜಮಾನನ ಹೆಂಡತಿ. (ಅಲ್ಲಿನವರಿಗೆ ಸಿಟ್ಟು ಬಂದರೆ ಹಾಗೆನ್ನುತ್ತಾರಂತೆ. ನನಗೆ ತಿಳಿದದ್ದು ಆಮೇಲೆ. ಅರ್ಧ ದಿನ ಆಕೆಗೆ ವಿಷಪ್ರಾಶನವಾಗಿದೆ ಎಂದೇ ತನಿಖೆ ನಡೆಸಿದೆ.)

ಎರಡನೆಯ ದಿನ ಮೂರು ಗಂಟೆಗೆ ಆಟ ಮುಗಿಯಿತು. ಕೊಂದವರು ಡಾಕ್ಟರು.

ಅದು ಹೇಗೆ ಸಾಧ್ಯ? ಭಾವಮೈದ ಹೇಳಿದ ಕಥೆಯಲ್ಲಿ ಡಾಕ್ಟರು ಹೋದ ವರ್ಷವೇ ನಿರಪರಾಧಿಯೆಂದು ಸಾಬೀತಾಗಿ, ಪಿಯಾನೋ ಟೀಚರನ್ನು ಮದುವೆಯೂ ಆಗಿದ್ದರು! ಮೊದಲ ಪುಟಕ್ಕೆ ಹೋಗಿ ಫೋನು ಹಿಡಿದೆ. ಮೂಲೆಯಲ್ಲಿ ಸಣ್ಣದಾಗಿ ಬರೆದಿತ್ತು: ‘ಆಟ ಪೂರ್ಣಗೊಂಡದ್ದು: ಎಂಟು ಸಲ.’ ಎಂಟನೆಯದು ನನ್ನದು. ಅಂದರೆ ಅವನು ಏಳು ಸಲ ಮುಗಿಸಿ, ಮತ್ತೆ ಮತ್ತೆ ಮೊದಲಿನಿಂದ ಶುರುಮಾಡಿ, ಅವೇ ಚಿತ್ರಗಳ ಮೇಲೆ ತನ್ನದೇ ಕಥೆ ಕಟ್ಟಿ ಹೇಳುತ್ತಿದ್ದ. ಇನ್ನೊಂದು ವಿಷಯ, ಆ ಆಟದಲ್ಲಿ ಇನ್ಸ್‌ಪೆಕ್ಟರು ಎಂಬ ಪ್ರಾಣಿಯೇ ಇರಲಿಲ್ಲ. ಹಾಗಾದರೆ ಆ ಕೊಡೆ ಮರೆಯುವ ದಡ್ಡ ಎಲ್ಲಿಂದ ಬಂದ ಎಂದು ಯೋಚಿಸುತ್ತಾ ಹೊರಗೆ ನೋಡಿದೆ. ಮಳೆ ಬರುತ್ತಿತ್ತು. ನನ್ನ ಕೊಡೆ ಕಛೇರಿಯಲ್ಲಿತ್ತು.

ಅವಳಿಗೆ ಇದು ತಿಳಿಯಬಾರದು ಎಂದು ನಿಶ್ಚಯಿಸಿದೆ. ತಮ್ಮ ಸುಳ್ಳು ಹೇಳಿದ ಎಂದು ಗೊತ್ತಾದರೆ ಇನ್ನಷ್ಟು ಮುರಿದುಹೋಗುತ್ತಾಳೆ. ಅವನ ಕಥೆಗೆ ನಾನೇ ಒಂದು ಮುಕ್ತಾಯ ಹೇಳಬೇಕು.

ಭಾನುವಾರ ಹನ್ನೊಂದಕ್ಕೆ ಅವಳನ್ನು ಕೂರಿಸಿ, ಫೋನನ್ನು ಪರದೆಗೆ ಹಿಡಿದು ‘ಓದಲು’ ತೊಡಗಿದೆ. ಅರ್ಧ ಗಂಟೆ ಘನಘೋರವಾದ ವಾದ ಮಂಡಿಸಿದೆ. ಬಟ್ಟೆ ಕೋಣೆಯ ಬೀಗದ ಕೈ, ಒಡೆದ ಹೂಕುಂಡ, ಕೆಸರಿನ ಬೂಟು! ಕೊನೆಗೆ ಎದ್ದು ನಿಂತು ಬೆರಳು ತೋರಿಸಿ ಗರ್ಜಿಸಿದೆ: “ಕೊಲೆಗಾರ ಬೇರೆ ಯಾರೂ ಅಲ್ಲ, ಈ ಮಾಲಿ!”

“ಮುಗೀತಾ?” ಎಂದಳು.

“ಮುಗೀತು. ಇಲ್ಲೇ ಬರೆದಿದೆ ನೋಡು.”

“ಫೋನು ಆಗ್ಲೇ ಆಫ್ ಆಗಿದೆ ರೀ.”

ನೋಡಿದೆ. ಹೌದು, ಆಫ್ ಆಗಿತ್ತು.

“ಆ ಒಡೆದ ಹೂಕುಂಡದ ಚಿತ್ರ ಏಳು ಸಲ ಬಂದಿದೆ” ಎಂದಳು. “ದಿನಾ ಗಾಜಲ್ಲಿ ಕೂದಲೆಳೆ ಗೀರು ಹುಡುಕೋಳು ನಾನು. ನಂಗೆ ಗೊತ್ತಾಗಲ್ವಾ?”

“ಗೊತ್ತಿದ್ದೂ ಸುಮ್ನೆ ಕೇಳ್ತಾ ಕೂತಿದ್ಯಾ?”

“ಮತ್ತೇನ್ ಮಾಡ್ಲಿ? ಆಟ ಮುಗಿದ್ರೆ ಪುಟ್ಟ ಬರೋದು ನಿಲ್ಲಿಸ್ತಿದ್ದ.”

“ಯಾಕೆ? ಬರಬೇಡ ಅಂತ ಯಾರು ಅಂದಿದ್ರು?”

ಅವಳು ನನ್ನ ಕಡೆ ತಿರುಗಿದಳು. “ನೀವು. ಅಡುಗೆಮನೆಲಿ. ‘ಈ ದರಿದ್ರ ಆಟ ಮುಗಿಯೋದು ಯಾವಾಗ? ಮುಗಿದ್ಮೇಲಾದ್ರೂ ಭಾನುವಾರ ಈ ಮನೆ ನಮ್ಮದಾಗತ್ತಲ್ಲ’ ಅಂದ್ರಿ. ಮೆಲ್ಲಗೆ ಹೇಳಿದೀನಿ ಅಂದ್ಕೊಂಡ್ರಿ. ಅವನು ಬಾಗಿಲಲ್ಲಿ ಚಪ್ಪಲಿ ಬಿಡ್ತಾ ಇದ್ದ.”

ಅಂದಿದ್ದೆ. ಆ ದಿನ ಅವನು ಒಳಗೆ ಬಂದವನೇ “ಇನ್ನೂ ಸ್ವಲ್ಪ ಇದೆ ಭಾವ” ಎಂದು ನಕ್ಕಿದ್ದು ನೆನಪಾಯಿತು. ನಾನು ಕೇಳದೆಯೇ ಯಾಕೆ ಹೇಳಿದ ಎಂದು ತನಿಖಾಧಿಕಾರಿಗೆ ಹೊಳೆದಿರಲಿಲ್ಲ. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಎದ್ದು ನಿಂತವನಿಗೆ ಕೂರಲೂ ಆಗಲಿಲ್ಲ.

“ಅಲ್ಲ, ಯಾರು ಅಂತ ಗೊತ್ತಾಗ್ಲಿಲ್ಲ ಅಂತ ನೀನೇ ಅಂದ್ಯಲ್ಲ...”

“ಗೊತ್ತಾಗ್ಲಿಲ್ಲ ಅಂದೆ. ಗೊತ್ತು ಮಾಡಿ ಅಂದ್ನಾ? ಅವನು ಎರಡು ವರ್ಷ ಮುಗಿಸದೆ ಇಟ್ಟಿದ್ದ. ನೀವು ಅರ್ಧ ಗಂಟೇಲಿ ಮುಗಿಸಿಬಿಟ್ರಲ್ಲ!”

ಎಂದವಳೇ ಅತ್ತಳು. ಏಳು ತಿಂಗಳ ಅಳು. ನಾನು ಹಂಬಲಿಸಿ ಕಾದಿದ್ದ ಅಳು ಅದೇ, ಆದರೆ ಅದನ್ನು ನೋಡಲು ನನಗೆ ಧೈರ್ಯ ಸಾಲಲಿಲ್ಲ. ಪಕ್ಕದಲ್ಲಿ ಕೂತೆ. ಅವಳು ನನ್ನ ಅಂಗಿಯ ತೋಳಿನಲ್ಲೇ ಮೂಗು ಒರೆಸಿಕೊಂಡಳು.

ಅಳು ನಿಂತ ಮೇಲೆ ಹೇಳಿದಳು: “ಮಾಲಿ ಅಲ್ಲ.”

“ಏನು?”

“ಮಾಲಿ ಕೊಂದಿಲ್ಲ. ಪುಟ್ಟಂಗೆ ಮಾಲಿ ಅಂದ್ರೆ ಇಷ್ಟ. ಅವನನ್ನ ಬಿಟ್ಟುಬಿಡಿ.”

“ಸರಿ, ಬಿಟ್ಟೆ.”

“ಹಾಗಲ್ಲ. ಸುಮ್ನಿದ್ದವನ ಮೇಲೆ ಅಪವಾದ ಹೊರಿಸಿದೀರ. ತಪ್ಪಾಯ್ತು ಅನ್ನಿ.”

ಎದ್ದು ಟಿ.ವಿ. ಮುಂದೆ ನಿಂತೆ. ಪರದೆಯ ಮೇಲೆ ಮಾಲಿ ನೀರಿನ ಕ್ಯಾನು ಹಿಡಿದು ನಗುತ್ತಿದ್ದ. ಕೈ ಮುಗಿದೆ.

“ತಪ್ಪಾಯ್ತಪ್ಪ. ನೀನು ಎಲ್ಲಿಗೂ ಹೋಗಬೇಡ. ಎಷ್ಟು ವರ್ಷ ಬೇಕಾದ್ರೂ ಇಲ್ಲೇ ಇರು” ಎಂದು ಮೆಲ್ಲಗೆ ಹೇಳಿದೆ.

“ಜೋರಾಗಿ ಹೇಳಿ” ಎಂದಳು ನನ್ನ ಹೆಂಡತಿ. “ಬಾಗಿಲವರೆಗೂ ಕೇಳ್ಲಿ.”