ಪರದೆಯ ಹಿಂದಿನ ಐದನೆಯವರು

ಆ ದಿನ ಬೆಳಿಗ್ಗೆ ರೇಡಿಯೊದಲ್ಲಿ ಗಾಯಕ ಗಂಟಲಿಗೆ ಮಾತ್ರ ಕೆಲಸ ಕೊಟ್ಟು ನಾಲಿಗೆಗೆ ರಜೆ ಕೊಟ್ಟಿದ್ದರೆ ಪರದೆಗೆ ಯಾವ ಕಷ್ಟವೂ ಬರುತ್ತಿರಲಿಲ್ಲ.

ಪರದೆ ಎನ್ನುವುದು ಅವನಿಗೆ ರಾಕ್ ತಂಡದವರು ಇಟ್ಟ ಅಡ್ಡಹೆಸರು. ತಂಡ ಹೆಸರಾಂತದ್ದು. ಪೋಸ್ಟರುಗಳಲ್ಲಿ ನಾಲ್ವರು ಕೂದಲು ಕೆದರಿಕೊಂಡು ನಿಂತಿರುತ್ತಿದ್ದರು: ಗಾಯಕ, ಇಬ್ಬರು ಗಿಟಾರಿನವರು, ಒಬ್ಬ ಡ್ರಮ್ಮಿನವನು. ವೇದಿಕೆಯ ಎಡಮೂಲೆಯಲ್ಲಿ ಒಂದು ಕಪ್ಪು ಪರದೆ, ಅದರ ಹಿಂದೆ ಕೀಬೋರ್ಡು, ಕೀಬೋರ್ಡಿನ ಹಿಂದೆ ನಮ್ಮವನು. ಮೊಟ್ಟಮೊದಲ ಪ್ರದರ್ಶನದಲ್ಲಿ ಅವನನ್ನೂ ಎಲ್ಲರೆದುರು ನಿಲ್ಲಿಸಿದ್ದರು. ಅಷ್ಟೊಂದು ಕಣ್ಣುಗಳು ಒಟ್ಟಿಗೆ ತನ್ನನ್ನೇ ನೋಡುತ್ತಿವೆ ಎಂದು ತಿಳಿದದ್ದೇ ತಡ, ಬೆರಳುಗಳು ಬಟ್ಟೆ ಒಣಹಾಕುವ ಕ್ಲಿಪ್ಪುಗಳಂತೆ ಸೆಟೆದುಕೊಂಡವು. ಗಾಯಕ ಸಿಟ್ಟಿನಲ್ಲಿ ಹತ್ತಿರವಿದ್ದ ಕಪ್ಪು ಬಟ್ಟೆಯೊಂದನ್ನು ಅವನ ಮುಂದೆ ಎಳೆದ. ಬೆರಳಿಗೆ ಜೀವ ಬಂತು. ಅಂದಿನಿಂದ ಬಟ್ಟೆ ಅಲ್ಲೇ ಉಳಿಯಿತು. ಬಸ್ಸಿನಲ್ಲಿ ಪಕ್ಕದವರು ಅವನು ನುಡಿಸಿದ ರಾಗವನ್ನೇ ಗುನುಗುತ್ತ ಅವನ ಕಾಲು ತುಳಿದರೂ ಅವನಿಗೆ ಬೇಸರವಿರಲಿಲ್ಲ. ಇದಕ್ಕಿಂತ ಸುಖ ಇನ್ನೇನು ಬೇಕು?

ಆ ಬೆಳಿಗ್ಗೆ ಅವನು ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದ. ಅಡುಗೆಮನೆಯ ರೇಡಿಯೊದಲ್ಲಿ ಗಾಯಕನ ಸಂದರ್ಶನ ಬರುತ್ತಿತ್ತು.

"ನಾವು ನಾಲ್ಕೇ ಜನ ಅಂತ ಎಲ್ರೂ ಅಂದ್ಕೊಂಡಿದ್ದಾರೆ. ನಿಜವಾಗಿ ನಾವು ಐದು ಜನ. ಆ ಐದನೆಯವರು ಇಲ್ದೇ ಇದ್ದಿದ್ರೆ ನಮ್ಮ ಹಾಡನ್ನ ನಮ್ಮ ಮನೆ ನಾಯಿನೂ ಕೇಳ್ತಿರ್ಲಿಲ್ಲ. ಇಷ್ಟು ವರ್ಷ ತೆರೆಮರೆಯಲ್ಲೇ ಇದ್ರು. ಇವತ್ತು ಸಂಜೆ ಎಲ್ಲರೆದುರು ಕರೆದು ನಿಲ್ಲಿಸ್ತೀವಿ!"

ಬ್ಲೇಡು ಜಾರಿ ಕೆನ್ನೆ ಗೀರಿತು.

"ರೀ! ಕೇಳಿಸ್ತಾ?" ಹೆಂಡತಿ ಕೈಯಲ್ಲಿ ಸೌಟು ಹಿಡಿದೇ ಓಡಿಬಂದಳು. ಅವಳು ಶಾಲೆಯಲ್ಲಿ ಗಣಿತದ ಟೀಚರು. "ನಿಮ್ಮ ಬಗ್ಗೇನೇ ಹೇಳಿದ್ದು! ತೆರೆಮರೆ ಅಂದ್ರೆ ಇನ್ಯಾರಿದ್ದಾರೆ? ಅಯ್ಯೋ, ರಕ್ತ!"

"ರಕ್ತ ಇರ್ಲಿ ಬಿಡೆ. ಸಂಜೆ ನನ್ನ ಪ್ರಾಣಾನೇ ಹೋಗುತ್ತೆ."

"ಸುಮ್ನಿರಿ. ಮರ್ಯಾದೆ ಮನೆ ಬಾಗಿಲಿಗೆ ಬಂದಾಗ ಚಿಲಕ ಹಾಕ್ಕೊಳ್ಳೋರು ನೀವೊಬ್ರೇ."

ಅವನು ಗಾಯಕನಿಗೆ ಫೋನು ಹಚ್ಚಿದ. ಸ್ವಿಚ್ ಆಫ್. ಮತ್ತೆ ಹಚ್ಚಿದ. ಪ್ರದರ್ಶನದ ದಿನ ಗಾಯಕ ಗಂಟಲು ಕಾಯ್ದುಕೊಳ್ಳಲು ಫೋನನ್ನೇ ಮುಚ್ಚಿಡುತ್ತಿದ್ದ. ಅಷ್ಟರಲ್ಲಿ ಹೆಂಡತಿ ಮೆಟ್ಟಿಲ ಬಳಿ ನಿಂತು ಇಡೀ ಕಟ್ಟಡಕ್ಕೆ ಸುದ್ದಿ ಮುಟ್ಟಿಸಿಯಾಗಿತ್ತು.

ಮೊದಲು ಇಳಿದು ಬಂದವರು ಮೇಲಿನ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು. ಕೊರಳಲ್ಲಿ ಈಗಲೂ ಸೀಟಿ ತೂಗುತ್ತಿತ್ತು.

"ಭಯಾನಾ? ಭಯ ಇರೋದು ಮಂಡಿಯಲ್ಲಿ. ಮಂಡಿ ನೆಟ್ಟಗಿದ್ರೆ ಭಯಕ್ಕೆ ಕೂತ್ಕೊಳ್ಳೋಕೆ ಜಾಗ ಇರಲ್ಲ," ಎಂದು ಅವನನ್ನು ಮನೆಗಳ ನಡುವಿನ ಪಡಸಾಲೆಯ ತುದಿಯಲ್ಲಿ ನಿಲ್ಲಿಸಿದರು. "ಎದೆ ಮುಂದೆ! ಹೊಟ್ಟೆ ಹಿಂದೆ! ಜನ ಚಪ್ಪಾಳೆ ಹೊಡೀತಿದ್ದಾರೆ ಅಂದ್ಕೊಳ್ಳಿ. ನಡೀರಿ!"

ಸೀಟಿ ಊದಿದರು. ಪರದೆ ನಡೆದ. ಎದುರು ಮನೆಯ ಹೂಕುಂಡಕ್ಕೆ ಎಡವಿ ಅದನ್ನು ಉರುಳಿಸಿದ.

"ಪರವಾಗಿಲ್ಲ. ವೇದಿಕೆ ಮೇಲೆ ಕುಂಡ ಇರಲ್ಲ. ಇನ್ನೊಂದ್ಸಲ!"

ಕೆಳಗಿನ ಅಂಗಡಿಯ ದರ್ಜಿ ಸುಮ್ಮನಿರುತ್ತಾನೆಯೆ? ತೋಳಿನ ಮೇಲೆ ಮಿರಮಿರ ಮಿಂಚುವ ಬೆಳ್ಳಿ ಬಣ್ಣದ ಕೋಟೊಂದನ್ನು ಹೊತ್ತು ಬಂದ. "ಒಬ್ಬ ಜಾದೂಗಾರ ಹೊಲಿಯೋಕೆ ಕೊಟ್ಟು ತಾನೇ ಮಾಯವಾಗ್ಬಿಟ್ಟ. ನಿಮಗೆ ಅಳತೆ ತೆಗೆದಂಗಿದೆ ನೋಡಿ."

ಅಳತೆ ತೆಗೆದದ್ದು ಪರದೆಯ ತಮ್ಮನದ್ದಿರಬೇಕು, ಅದೂ ಅವನು ಜ್ವರದಿಂದ ಎದ್ದಾಗ. ಕೋಟು ಹಾಕಿಕೊಂಡ ಮೇಲೆ ಅವನು ದಿಂಬಿನ ಗವಸಿನೊಳಗೆ ತುರುಕಿದ ಹಾಸಿಗೆಯಂತೆ ಕಂಡ.

"ಕೈ ಮಾತ್ರ ಎತ್ಬೇಡಿ ಸಾರ್," ದರ್ಜಿ ಮೆಲ್ಲಗೆ ಹೇಳಿದ. "ತೋಳಿಗೆ ಇನ್ನೂ ಕಚ್ಚಾ ಹೊಲಿಗೆ."

"ಕೈ ಎತ್ತದೆ ಕೀಬೋರ್ಡ್ ಹೇಗಪ್ಪಾ ನುಡಿಸ್ಲಿ?"

"ಪರದೆ ಹಿಂದೆ ಹೇಗಾದ್ರೂ ನುಡಿಸಿ, ಯಾರು ನೋಡ್ತಾರೆ? ಮುಂದೆ ಬಂದಾಗ ಕೈಕಟ್ಟಿ ನಿಂತ್ರಾಯ್ತು."

ಹೆಂಡತಿ ಗಂಡನನ್ನು ಸುತ್ತಿ ಬಂದು ನೋಡಿದಳು. ತಂಡದ ಪ್ರದರ್ಶನಕ್ಕೆ ಅವಳು ಒಮ್ಮೆಯೂ ಹೋದವಳಲ್ಲ. ಆ ಗದ್ದಲಕ್ಕೆ ತಲೆನೋವು ಬರುತ್ತದೆ ಎನ್ನುತ್ತಿದ್ದಳು. ಇವತ್ತು ಮಾತ್ರ ಒಳ್ಳೆಯ ಸೀರೆ ಉಟ್ಟು, ಕಿವಿಗೆ ಹತ್ತಿಯನ್ನೂ ಸಿದ್ಧಮಾಡಿಕೊಂಡಿದ್ದಳು. ಅವಳ ಕಣ್ಣಲ್ಲಿದ್ದ ಹೆಮ್ಮೆ ಕಂಡು ಪರದೆ 'ಬೇಡ' ಎನ್ನುವ ಬದಲು ಕೋಟಿನ ಗುಂಡಿ ಹಾಕಲು ಹೆಣಗಿದ. ಬೆರಳು ಸೆಟೆದುಕೊಂಡರೆ ಪ್ರದರ್ಶನ ಹಾಳು. ಪ್ರದರ್ಶನ ಹಾಳಾದರೆ ತಂಡದಲ್ಲಿ ಅವನ ಕೆಲಸ ಉಳಿಯುವುದಿಲ್ಲ. ಅವನಿಗೆ ಬೇರೆ ಕೆಲಸ ಬರುವುದೂ ಇಲ್ಲ. ಇದನ್ನೆಲ್ಲ ಆ ಸೀರೆಯ ಮುಂದೆ ಹೇಗೆ ಹೇಳುವುದು?

ಸಂಜೆ ಎಲ್ಲರೂ ದರ್ಜಿಯ ವ್ಯಾನಿನಲ್ಲಿ ಬಟ್ಟೆಯ ಗಂಟುಗಳ ಮೇಲೆ ಕೂತು ಸಭಾಂಗಣ ತಲುಪಿದರು. ಉಳಿದವರು ಮುಂದಿನ ಸಾಲಿಗೆ ಹೋದರೆ, ಪರದೆ ಹಿಂಬಾಗಿಲಿನಿಂದ ಓಡಿ ಗಾಯಕನ ಕೋಣೆಗೆ ನುಗ್ಗಿದ.

"ಅಣ್ಣಾ, ಕೈ ಮುಗಿದು ಕೇಳ್ಕೊಳ್ತೀನಿ. ಇವತ್ತು ಆ ಐದನೆಯವರನ್ನ ಕರೆಯೋ ಕಾರ್ಯಕ್ರಮ ಬಿಟ್ಬಿಡಿ."

ಗಾಯಕ ಬಿಸಿನೀರು ಮುಕ್ಕಳಿಸುತ್ತಿದ್ದ. ಉಗುಳಿ ಹೇಳಿದ, "ಅದೇನೋ ಹಾಗಂತೀಯಾ? ನಾವು ಋಣ ತೀರಿಸ್ಬೇಡ್ವಾ? ನಿನಗೆ ನಾಚಿಕೆ ಅಂತ ನಾವು ಸುಮ್ನಿರೋಕಾಗುತ್ತಾ? ಮನೆಯೋರು ಬಂದಿದ್ದಾರೆ ತಾನೆ?"

"ಮೊದಲ ಸಾಲಲ್ಲೇ ಇದ್ದಾಳೆ."

"ಹಾಗಾದ್ರೆ ಮುಗೀತು. ಹೋಗು, ಹೋಗು. ಇದೇನೋ ಈ ಕೋಟು? ಬೆಳ್ಳಿ ಹಾಳೆ ಸುತ್ತಿದ ಗಡ್ಡೆ ಇದ್ದಂಗಿದೀಯಾ."

ಪ್ರದರ್ಶನ ಶುರುವಾಯಿತು. ಪರದೆ ತನ್ನ ಪರದೆಯ ಹಿಂದೆ ಮೊಣಕೈಗಳನ್ನು ಪಕ್ಕೆಲುಬಿಗೆ ಅಂಟಿಸಿಕೊಂಡು, ಕೋಳಿ ಟೈಪು ಮಾಡುವಂತೆ ನುಡಿಸತೊಡಗಿದ. ಮೂರನೆಯ ಹಾಡಿನಲ್ಲಿ ದೂರದ ಸ್ವರವೊಂದಕ್ಕೆ ಕೈ ಚಾಚಲೇಬೇಕಾಯಿತು. ಪರ್ರ್! ಬಲತೋಳು ಪೂರ್ತಿ ಕಿತ್ತು ಕೀಬೋರ್ಡಿನ ಮೇಲೆ ಬಿತ್ತು. ಅದನ್ನು ಎತ್ತಲು ಹೋದಾಗ ಯಾವುದೋ ಗುಂಡಿ ಒತ್ತಿ, ಇಡೀ ಸಭಾಂಗಣದಲ್ಲಿ ಹಡಗು ಬಂದರು ಬಿಡುವ ಸದ್ದು ಮೊಳಗಿತು. ಜನ ಹೊಸ ಪ್ರಯೋಗವೆಂದು ತಿಳಿದು ಶಿಳ್ಳೆ ಹಾಕಿದರು.

ಕೊನೆಗೆ ಗಾಯಕ ಮೈಕಿನ ಮುಂದೆ ನಿಂತು ಕೈಯೆತ್ತಿದ. "ಈಗ ನಮ್ಮ ಐದನೆಯವರು…"

ಅವನು ಮಾತು ಮುಗಿಸಲು ಡ್ರಿಲ್ ಮೇಷ್ಟ್ರು ಬಿಟ್ಟರೆ ತಾನೆ? ಎದ್ದು ನಿಂತು ಸೀಟಿ ಊದಿ ಕೂಗಿದರು, "ಪರದೆ! ಪರದೆ!" ದರ್ಜಿ ದನಿಗೂಡಿಸಿದ. ಸುತ್ತಲಿದ್ದವರಿಗೆ ಏನೆಂದು ತಿಳಿಯದಿದ್ದರೂ ಕೂಗಲು ಚೆನ್ನಾಗಿತ್ತು. ಇಡೀ ಸಭಾಂಗಣ "ಪರದೆ! ಪರದೆ!" ಎಂದು ಅಬ್ಬರಿಸಿತು.

ಪಕ್ಕದಲ್ಲಿ ಹಗ್ಗ ಹಿಡಿದು ಕೂತಿದ್ದ ವೇದಿಕೆಯ ಕೆಲಸಗಾರ ಗಾಬರಿಯಾದ. ಪರದೆ ಸರಿಸಲು ತಾನೇ ಮರೆತೆನೇನೋ ಅಂದುಕೊಂಡು ಹಗ್ಗ ಎಳೆದೇಬಿಟ್ಟ.

ಕಪ್ಪು ಬಟ್ಟೆ ಸರ್ರನೆ ಸರಿಯಿತು. ದೀಪದ ಬೆಳಕೆಲ್ಲ ಬಂದು ಒಂದು ತೋಳಿನ ಬೆಳ್ಳಿ ಕೋಟಿನ ಮೇಲೆ ಬಿತ್ತು. ಪರದೆ ಕೂತಲ್ಲೇ ಕಲ್ಲಾದ. ಬೆರಳುಗಳು ಮತ್ತೆ ಕ್ಲಿಪ್ಪುಗಳಾದವು. ಏಳಲು ನೋಡಿದ, ಮಂಡಿಯಲ್ಲಿ ಭಯ ಕಾಲು ಚಾಚಿ ಕೂತಿತ್ತು.

ಗಾಯಕ ತಿರುಗಿ ಅವನನ್ನೊಮ್ಮೆ ನೋಡಿದ. ಆಮೇಲೆ ಮೊದಲ ಸಾಲಿನತ್ತ ಕೈಚಾಚಿದ. "ಮೇಡಂ, ದಯವಿಟ್ಟು ಮೇಲೆ ಬನ್ನಿ."

ಹೆಂಡತಿ ಕಿವಿಯ ಹತ್ತಿ ತೆಗೆದಳು. "ಯಾರು, ನಾನಾ? ಅವರನ್ನ ಎಬ್ಬಿಸಿ ಕರ್ಕೊಂಡ್ ಬರ್ಬೇಕಾ?"

"ಅವನನ್ನಲ್ಲ ಮೇಡಂ. ಅವನು ಪರದೆ ಲೆಕ್ಕಕ್ಕೆ ಹೋದ. ನೀವೇ ನಮ್ಮ ಐದನೆಯವರು!"

ಗಾಯಕ ವಿವರಿಸಿದ. "ಪ್ರತಿ ಹೊಸ ಹಾಡನ್ನೂ ಇವನು ಮನೆಗೆ ಒಯ್ದು ನುಡಿಸ್ತಾನೆ. ಮರುದಿನ ಬಂದು, 'ನನಗೆ ಹಿಡಿಸ್ತು' ಅಂದ್ರೆ ನಾವು ತಲೆ ಕೆಡಿಸ್ಕೊಳ್ಳಲ್ಲ. ಇವನಿಗೆ ಎಲ್ಲಾನೂ ಹಿಡಿಸುತ್ತೆ. 'ಉತ್ತರಪತ್ರಿಕೆ ತಿದ್ತಾ ಇದ್ದವಳು ಪೆನ್ನು ಕೆಳಗಿಟ್ಲು' ಅಂದ್ರೆ ಮಾತ್ರ ಆ ಹಾಡು ಇಟ್ಕೋತೀವಿ. 'ಮತ್ತೆ ಶುರುಮಾಡಿದ್ರಾ' ಅಂದ್ಲು ಅಂದ್ರೆ ಅವತ್ತೇ ಕಸದ ಬುಟ್ಟಿಗೆ. ನಮ್ಮ ಅತ್ಯಂತ ಹೆಸರಾದ ಹಾಡು ನಡುವೆಯೇ ಥಟ್ಟನೆ ನಿಲ್ಲುತ್ತಲ್ಲ? ವಿಮರ್ಶಕರು ಏನೇನೋ ಅರ್ಥ ಹೇಳಿದ್ರು. ಅಲ್ಲಿ ಮೇಡಂ ಸ್ನಾನದ ಮನೆಯಿಂದ 'ಸಾಕು!' ಅಂತ ಕೂಗಿದ್ರು, ಅಷ್ಟೇ."

ಚಪ್ಪಾಳೆಗೆ ಸೂರು ಹಾರಿಹೋಗುವಂತಾಯಿತು. ಹೆಂಡತಿ ಸೆರಗು ಸರಿಪಡಿಸಿಕೊಂಡು, ತರಗತಿಗೆ ಬರುವಷ್ಟೇ ಸಲೀಸಾಗಿ ಮೆಟ್ಟಿಲು ಹತ್ತಿದಳು. ಮೈಕು ತೆಗೆದುಕೊಂಡಳು.

"ಮೊದಲು ಹಿಂದಿನ ಸಾಲಿನವರು ಕೂತ್ಕೊಳ್ಳಿ."

ಕೂತರು. ಡ್ರಮ್ಮಿನವನೂ ಬೆನ್ನು ನೆಟ್ಟಗೆ ಮಾಡಿಕೊಂಡ. ಆಮೇಲೆ ಅವಳು ಗಂಡನತ್ತ ತಿರುಗಿದಳು. ಒಂದು ಕ್ಷಣ ಅವನ ಮುಖ ನೋಡಿದಳು. ಬೆಳಗಿನಿಂದ ಅವನು ಹೇಳಲಾಗದ್ದೆಲ್ಲ ಆ ಮುಖದ ಮೇಲಿತ್ತು. ಅವಳು ಮೈಕನ್ನು ಪಕ್ಕಕ್ಕೆ ಹಿಡಿದು ಹಗ್ಗದವನಿಗೆ ಮೆಲ್ಲನೆ ಹೇಳಿದಳು, "ಆ ಪರದೆ ಮುಚ್ಚಪ್ಪ. ಪಾಪ, ಅವರಿಗೆ ಆಗಲ್ಲ."

ಕಪ್ಪು ಬಟ್ಟೆ ಮತ್ತೆ ಬಂತು. ಪರದೆಗೆ ಉಸಿರೂ ಬಂತು. ಕತ್ತಲಲ್ಲಿ ಕೂತು ಅವನು ಬೆರಳುಗಳನ್ನು ಒಂದೊಂದಾಗಿ ಮಡಿಚಿ ನೋಡಿದ, ಎಲ್ಲವೂ ತನ್ನವೇ. ಹಲ್ಲು ಕೀಳಿಸಿಕೊಂಡವನು ನಾಲಿಗೆಯನ್ನು ಆ ಖಾಲಿ ಜಾಗಕ್ಕೇ ಒಯ್ಯುವಂತೆ, 'ನಾನಲ್ಲವಂತೆ' ಎಂಬ ಮಾತನ್ನು ಒಂದೆರಡು ಸಲ ಮುಟ್ಟಿ ನೋಡಿದ. ತುಸು ಚುರುಕ್ ಎಂದಿತು. ಆದರೆ ನೋವು ಹೋಗಿತ್ತು. ಕೊನೆಯ ಹಾಡನ್ನು ಒಂದು ತೋಳಿನ ಕೋಟಿನಲ್ಲೇ ಕುಣಿಕುಣಿದು ನುಡಿಸಿದ.

ಮನೆಗೆ ಹೊರಟಾಗ ವ್ಯಾನಿನ ಮುಂದಿನ ಸೀಟು ಹೆಂಡತಿಗೆ ಮೀಸಲಾಯಿತು. ಡ್ರಿಲ್ ಮೇಷ್ಟ್ರು ಅವಳ ನಡಿಗೆಯನ್ನು ಹೊಗಳುತ್ತಿದ್ದರು. ದರ್ಜಿ ಅವಳಿಗೆ ಹೊಸ ರವಿಕೆ ಹೊಲಿದುಕೊಡುವ ಮಾತಾಡುತ್ತಿದ್ದ. ಪರದೆ ಹಿಂದೆ ಬಟ್ಟೆಗಂಟುಗಳ ನಡುವೆ ಕಾಲು ಚಾಚಿ, ಯಾರೂ ತನ್ನ ಕಡೆ ನೋಡದ ಸುಖವನ್ನು ಅನುಭವಿಸುತ್ತಿದ್ದ.

"ರೀ," ಹೆಂಡತಿ ತಿರುಗದೆಯೇ ಕರೆದಳು. "ನಾಳೆಯಿಂದ ಅಭ್ಯಾಸಕ್ಕೆ ನಾನೂ ಬರ್ಬೇಕಂತೆ. ನಿಮ್ಮ ಗಾಯಕ ಬಿಡಲೇ ಇಲ್ಲ."

"ಬಾರೆ, ಒಳ್ಳೇದೇ ಆಯ್ತು."

"ಮೊದಲ ಸಲ ಪೂರ್ತಿ ಕೇಳಿದೆ ನೋಡಿ. ಹಾಡೆಲ್ಲ ಚೆನ್ನಾಗಿವೆ. ಆದ್ರೆ ಎಲ್ಲಾ ಹಾಡಿನ ಹಿಂದೆನೂ ಕುಂಯ್ಯ್ ಅಂತ ಏನೋ ಒಂದು ಎಳೀತಾನೇ ಇರುತ್ತಲ್ಲ, ಬಾಗಿಲ ಸಂದಿಗೆ ಸಿಕ್ಕಿದ ಬೆಕ್ಕಿನ ಹಾಗೆ? ಅದನ್ನ ತೆಗೆಸ್ಬಿಡೋಣ ಅಂತಿದೀನಿ. ಯಾರದು ನುಡಿಸೋದು?"

ಹಿಂದೆ ಪರದೆ ಚಾಚಿದ ಕಾಲನ್ನು ಮಡಿಚಿಕೊಂಡ.

"ನಾನೇ ಕಣೆ."

ಹೆಂಡತಿ ಈಗ ಹಿಂದಕ್ಕೆ ತಿರುಗಿದಳು.

"ಹಾಗಾದ್ರೆ," ಎಂದಳು, "ಸದ್ಯಕ್ಕೆ ಸ್ವಲ್ಪ ಮೆತ್ತಗೆ ನುಡಿಸಿ."