ಹತ್ತು ಸೆಕೆಂಡಿನ ಹಕ್ಕುಪತ್ರ

ಹೊಸದುರ್ಗದ ನಿವೇಶನ ಹಕ್ಕುಪತ್ರ ವಿಲೇವಾರಿ ಉಪಕಚೇರಿಯಲ್ಲಿ ಪ್ರತಿ ಸೋಮವಾರ ಹನ್ನೊಂದರಿಂದ ಹನ್ನೆರಡು ಗಂಟೆಯವರೆಗೆ ಮುನ್ನೂರರವತ್ತು ಹಕ್ಕುಪತ್ರಗಳು ವಿತರಣೆಯಾಗುತ್ತವೆ. ಅಷ್ಟೂ ಶ್ರೀರಾಂಪುರದ ಮಲ್ಲಕ್ಕ ಒಬ್ಬಳಿಗೇ ಹೋಗುತ್ತವೆ ಎಂಬುದನ್ನು ಬಿಟ್ಟರೆ ಈ ಸಾಧನೆಯಲ್ಲಿ ಹೇಳಿಕೊಳ್ಳುವಂಥ ಲೋಪವಿಲ್ಲ.

ಇದಕ್ಕೆಲ್ಲ ಮೂಲ ಚಿತ್ರದುರ್ಗದಿಂದ ಬಂದ ಸುತ್ತೋಲೆ. ಸೋಮವಾರ ಹನ್ನೊಂದರಿಂದ ಹನ್ನೆರಡರವರೆಗಿನ ವಿಡಿಯೋ ಸಭೆಯಲ್ಲಿ ಉಪಕಚೇರಿಯ ಮುಖ್ಯಸ್ಥ ಮರುಳಸಿದ್ದಪ್ಪನವರ ಬೆನ್ನ ಹಿಂದೆ ಖಾಲಿ ಕುರ್ಚಿಗಳು ಕಂಡಿದ್ದವು. 'ಅಧಿಕಾರಿಗಳ ಹಿನ್ನೆಲೆಯಲ್ಲಿ ಜನಸ್ನೇಹಿ ಆಡಳಿತವು ನಿರಂತರವಾಗಿ ಚಲಿಸುತ್ತಿರತಕ್ಕದ್ದು' ಎಂದು ಸುತ್ತೋಲೆ ಹೇಳಿತು. ಕುರ್ಚಿಗಳಲ್ಲಿ ಸಿಬ್ಬಂದಿಯನ್ನು ಕೂರಿಸುವುದು ಆಗಹೋಗದ ಮಾತು. ಆದ್ದರಿಂದ ಚಲಿಸುವ ಹಿನ್ನೆಲೆಯೊಂದನ್ನು ತಯಾರಿಸಲು ಕಂಪ್ಯೂಟರ್ ಆಪರೇಟರ್ ದಾಕ್ಷಾಯಿಣಿಗೆ ಆದೇಶವಾಯಿತು. ಮದುವೆ ಹಾಲಿನ ದೊಡ್ಡ ಪರದೆಗಳಿಗೆ ಹೂವು ಉದುರುವ, ದೀಪ ಉರಿಯುವ ಹಿನ್ನೆಲೆ ಮಾಡಿಕೊಟ್ಟು ಅವಳ ಕೈ ಪಳಗಿತ್ತು.

ಅವತ್ತು ಮಲ್ಲಕ್ಕ ಬಂದಿದ್ದಳು. ಅವಳು ಬಾರದ ದಿನವೇ ಕಡಿಮೆ. ಅವಳ ಹಕ್ಕುಪತ್ರ ಸಹಿಯಾಗಿ, ಮೊಹರು ಬಿದ್ದು, ಎರಡು ವರ್ಷದಿಂದ ಗುಮಾಸ್ತ ತಿಪ್ಪಯ್ಯನ ಬೀರುವಿನಲ್ಲಿತ್ತು. ಹಕ್ಕುಪತ್ರವನ್ನು ಸಮಾರಂಭದಲ್ಲಿಯೇ ಕೊಡಬೇಕೆಂಬುದು ನಿಯಮ. ಸಮಾರಂಭಕ್ಕೆ ದಿನ ಗೊತ್ತಾಗಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿಯೂ ಕೊಡಲು ತಯಾರಿದ್ದ, ಶಾಮಿಯಾನ ಮಾತ್ರ ಇರಲಿಲ್ಲ.

"ಮುಂದಿನ ತಿಂಗಳು ತಪಾಸಣೆಯೋರು ಬರ್ತಾರಂತೆ ಸ್ವಾಮಿ. ಪತ್ರ ತೋರಿಸ್ದಿದ್ರೆ ಮನೆ ಖಾಲಿ ಮಾಡುಸ್ತಾರಂತೆ," ಎಂದಳು ಮಲ್ಲಕ್ಕ.

"ಬರ್ಲಿ ಬಿಡಮ್ಮ. ಈಗ ಇಲ್ಲಿ ನಿಂತ್ಕ, ದಾಕ್ಷಾಯಿಣಿ ವಿಡಿಯೋ ತೆಗೀತಾಳೆ. ನಿನ್ ಪತ್ರನೇ ಕೊಡ್ತೀನಿ, ನಗ್ತಾ ಇಸ್ಕ," ಎಂದ ತಿಪ್ಪಯ್ಯ.

ಪತ್ರ ಕೈಗೆ ಬಂದಾಗ ಮಲ್ಲಕ್ಕ ನಗುವುದನ್ನು ಮರೆತು ಅದನ್ನು ಕಣ್ಣಿಗೊತ್ತಿಕೊಂಡಳು. ಫೋನ್ ಹಿಡಿದಿದ್ದ ದಾಕ್ಷಾಯಿಣಿ ಮತ್ತೆ ಮೊದಲಿನಿಂದ ತೆಗೆದಳು. ಎರಡನೇ ಸಲ ಮಲ್ಲಕ್ಕ ನಕ್ಕಳು. ತಿಪ್ಪಯ್ಯ ಪತ್ರ ಇಸಿದುಕೊಂಡು ಬೀರುವಿಗೆ ಬೀಗ ಹಾಕಿದ.

ದಾಕ್ಷಾಯಿಣಿ ಇಬ್ಬರನ್ನೂ ಕಂಪ್ಯೂಟರಿನಲ್ಲಿ ಕತ್ತರಿಸಿ ತೆಗೆದು, ಹಿಂದೆ ಗುಡ್ಡದ ಸಾಲು ಕೂರಿಸಿ, ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ತಿರುಗಿಸಿದಳು. ಮೂಲೆಯಲ್ಲಿ ಕಚೇರಿಯ ಮೊಹರನ್ನೂ ಇಟ್ಟಳು. ತೊಡಕು ಒಂದೇ ಇತ್ತು. ಹತ್ತು ಸೆಕೆಂಡಿನ ಚಿತ್ರ ಬೆಸುಗೆ ಕಾಣದಂತೆ ಸುತ್ತುತ್ತಲೇ ಇರಬೇಕಾದರೆ ಅದರ ಕೊನೆ ಅದರ ಮೊದಲಿನಂತೆಯೇ ಇರಬೇಕು. ಮೊದಲಲ್ಲಿ ಪತ್ರ ತಿಪ್ಪಯ್ಯನ ಕೈಯಲ್ಲಿತ್ತು. ಹಾಗಾಗಿ ಕೊನೆಯ ಮೂರು ಸೆಕೆಂಡಿನಲ್ಲಿ ಅದು ಮಲ್ಲಕ್ಕನ ಕೈಬಿಟ್ಟು ಮೆಲ್ಲಗೆ ತೇಲಿಕೊಂಡು ಅವನಲ್ಲಿಗೇ ವಾಪಸಾಗುವಂತೆ ಮಾಡಿದಳು.

"ಪತ್ರ ವಾಪಸ್ ಹೋಗೋದು ಕೆಟ್ಟದಾಗಿ ಕಾಣ್ತದೆ ಸಾರ್," ಎಂದು ಮರುಳಸಿದ್ದಪ್ಪನವರಿಗೆ ಹೇಳಿಯೂ ನೋಡಿದಳು.

"ಯಾಕಮ್ಮ? ಸಹಜವಾಗೇ ಐತೆ," ಎಂದರು ಅವರು.

ಚಿತ್ರದುರ್ಗದವರಿಗೂ ಸಹಜವಾಗಿಯೇ ಕಂಡಿತು. ಪ್ರಶಂಸಾ ಪತ್ರ ಬಂತು. ಪರದೆಯ ಮೇಲೆ ಹಕ್ಕುಪತ್ರ ಮಲ್ಲಕ್ಕನ ಕೈಸೇರಿದ ಒಂದೊಂದು ಸಲವನ್ನೂ ಒಂದೊಂದು ವಿತರಣೆಯೆಂದು ವಹಿಯಲ್ಲಿ ಬರೆಯತೊಡಗಿದರು. ನಾಲ್ಕು ಸೋಮವಾರ ಕಳೆದ ಮೇಲೆ ಮಲ್ಲಕ್ಕ ಮತ್ತೆ ಬಂದಾಗ ತಿಪ್ಪಯ್ಯ ವಹಿ ತೆರೆದು ತೋರಿಸಿದ. "ನಿಂಗೆ ಈಗಾಗ್ಲೇ ಸಾವಿರದ ನಾನೂರ ನಲವತ್ತು ಸಲ ಕೊಟ್ಟೈತಮ್ಮ. ಇನ್ನೊಂದು ಕೊಟ್ರೆ ಆಡಿಟ್‌ನೋರು ಬಿಡ್ತಾರಾ?"

ದಾಕ್ಷಾಯಿಣಿ ಇದನ್ನು ಕೇಳಿಸಿಕೊಂಡಳು. ಮುಂದಿನ ಸೋಮವಾರ ಕೊನೆಯ ಮೂರು ಸೆಕೆಂಡನ್ನು ಕತ್ತರಿಸಿಬಿಟ್ಟಳು. ಪತ್ರ ಮಲ್ಲಕ್ಕನ ಕೈಯಲ್ಲೇ ಉಳಿಯಿತು. ಆದರೆ ಏಳು ಸೆಕೆಂಡಿಗೊಮ್ಮೆ ಚಿತ್ರ ಕುಲುಕಿತು. ಸಭೆ ಮುಗಿಯುವುದರೊಳಗೆ ಜ್ಞಾಪನ ಬಂತು: 'ಫಲಾನುಭವಿಯ ಕೈಯಲ್ಲಿ ಹಕ್ಕುಪತ್ರ ಉಳಿಯುತ್ತಿರುವುದರಿಂದ ಆಡಳಿತದಲ್ಲಿ ಕುಲುಕು ಉಂಟಾಗಿರುತ್ತದೆ. ಸದರಿ ಪತ್ರವನ್ನು ಕೂಡಲೇ ಹಿಂಪಡೆದು ಸುಗಮಗೊಳಿಸತಕ್ಕದ್ದು.'

ಹಿಂಪಡೆಯಲಾಯಿತು. ಬೇರೆ ದಾರಿ ಕಾಣದೆ ದಾಕ್ಷಾಯಿಣಿ ಅದೇ ಹತ್ತು ಸೆಕೆಂಡನ್ನು ಮಲ್ಲಕ್ಕನ ಫೋನಿಗೆ ಹಾಕಿಕೊಟ್ಟಳು. "ತಪಾಸಣೆಯೋರು ಬಂದ್ರೆ ಇದ್ನೇ ತೋರ್ಸು ಮಲ್ಲಕ್ಕ. ನಿನ್ ಕೈಗೆ ಬಂದಾಗ ಬೆರಳಿಟ್ಟು ನಿಲ್ಸು."

ತಪಾಸಣಾಧಿಕಾರಿ ಬಂದೇ ಬಂದರು. ಮಲ್ಲಕ್ಕ ಬೆರಳಿಟ್ಟು ನಿಲ್ಲಿಸಿದಳು.

"ನಿಲ್ಸಿದ್ರೆ ಅದು ಫೋಟೊ ಆಗ್ತದೆ ಕಣಮ್ಮ. ಫೋಟೊ ದಾಖಲೆ ಅಲ್ಲ, ಓಡ್ಸು," ಎಂದರು ಅವರು.

ಓಡಿಸಿದಳು. ಅಧಿಕಾರಿ ಜಗಲಿಯ ಮೇಲೆ ಕುಂತು ಮೂರು ಸುತ್ತು ನೋಡಿದರು. ಮೊಹರು ಸರಿಯಾಗಿತ್ತು. ನಾಲ್ಕನೇ ಸುತ್ತಿನ ಐದನೇ ಸೆಕೆಂಡಿಗೆ 'ಹಕ್ಕುಪತ್ರ ಕೈಯಲ್ಲಿದೆ' ಎಂದು ಬರೆದು, ಪತ್ರ ತೇಲಲು ಶುರುವಾಗುವ ಮುಂಚೆ ಪುಸ್ತಕ ಮುಚ್ಚಿ ಎದ್ದರು. ಮಲ್ಲಕ್ಕನ ಮನೆ ಉಳಿಯಿತು.

ಈಗ ತಪಾಸಣೆಯನ್ನು ನಾಲ್ಕನೇ ಮತ್ತು ಏಳನೇ ಸೆಕೆಂಡುಗಳ ನಡುವೆಯೇ ನಡೆಸತಕ್ಕದ್ದೆಂದು ನಿಯಮವಾಗಿದೆ. ಬೀರುವಿನಲ್ಲಿ ಪತ್ರ ಇರುವವರೆಲ್ಲ ತಲೆ ಬಾಚಿಕೊಂಡು ದಾಕ್ಷಾಯಿಣಿಯ ಮೇಜಿನ ಮುಂದೆ ಸಾಲು ನಿಲ್ಲುತ್ತಾರೆ. ತಿಪ್ಪಯ್ಯ ಒಬ್ಬೊಬ್ಬರ ಪತ್ರ ತೆಗೆದು ಕೊಡುತ್ತಾನೆ, ಇಸಿದುಕೊಳ್ಳುತ್ತಾನೆ, ಬೀಗ ಹಾಕುತ್ತಾನೆ. ಪತ್ರ ಮನೆಗೆ ಬೇಕೆಂದು ಕೇಳುವವರು ಯಾರೂ ಇಲ್ಲ.

ಹೊಸಬರಿಗೆ ಹೇಳಿಕೊಡಲು ಮಲ್ಲಕ್ಕನೇ ಬರುತ್ತಾಳೆ. ಮೊನ್ನೆ ಒಬ್ಬಾಕೆ ಪತ್ರವನ್ನು ಎದೆಗವಚಿಕೊಂಡಾಗ ಹತ್ತಿರ ಹೋಗಿ ಅವಳ ಬೆರಳು ಸಡಿಲಿಸಿದಳು.

"ಅಷ್ಟು ಬಿಗಿಯಾಗಿ ಹಿಡೀಬ್ಯಾಡ ಕಣವ್ವ. ವಾಪಸ್ ಹೋಗಾಗ ಹರಿದೋಗ್ತದೆ."