ಹರಿದ ಪ್ಯಾಂಟಿನ ಹಾಡುಗಾರ, ನನ್ನ ನಿದ್ದೆ

ನಾನು ಸುಮ್ಮನೆ ಕುಳಿತರೂ ನಗೆಪಾಟಲು ನನ್ನ ಅಂಗಡಿ ಹುಡುಕಿಕೊಂಡು ಬರುತ್ತದೆ. ಬ್ಯಾಡಗಿಯಲ್ಲಿ ಬಟ್ಟೆ ಹೊಲಿಯುವವ ನಾನು. ಓದು ಕಡಿಮೆ, ಮಾತೂ ಕಡಿಮೆ. ಮನೆಯಲ್ಲಿ ಮಾತೆಲ್ಲ ನಮ್ಮಾಕೆಯದೇ. ರಾತ್ರಿ ಪಾತ್ರೆ ಬಡಿಯುತ್ತ ಬೈಯುವಳು. ಅದನ್ನು ಕೇಳುತ್ತ ನಾನು ಮಲಗುವವ. ಹೋದ ವರ್ಷ ತೀರಿಕೊಂಡಳು. ಮನೆ ಗಪ್ಪಾಯಿತು. ಅವತ್ತಿನಿಂದ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಡಾಕ್ಟರ ಗುಳಿಗೆಯೂ ಸೋತಿತು.

ಆಮೇಲೆ ಒಬ್ಬ ಹಾಡುಗಾರ ಬಂದ. ಅವನ ಉಪಕಾರ ಮರೆಯುವವನಲ್ಲ ನಾನು.

ಮೊಣಕಾಲು

ನಮ್ಮ ಓಣಿಯವನೇ. ಗೆಳೆಯರನ್ನು ಕಟ್ಟಿಕೊಂಡು ಗ್ರಂಜ್ ಎಂಬ ರಾಕ್ ಹಾಡು ಹಾಡುತ್ತಾನೆ. ಕೂಗುವುದು ಹೆಚ್ಚು, ತಲೆ ಬಾಚುವುದು ಕಡಿಮೆ. ಒಂದು ದಿನ ಜಿಪ್ ಹಾಕಿಸಲು ಪ್ಯಾಂಟು ಕೊಟ್ಟು ಹೋದ. ನೋಡಿದೆ, ಎರಡೂ ಮೊಣಕಾಲು ಹರಿದಿದ್ದವು. ಪಾಪ ಅನಿಸಿತು. ಅದಕ್ಕೂ ತೇಪೆ ಹಚ್ಚಿದೆ.

ಬಂದವನು ತಲೆ ಹಿಡಿದುಕೊಂಡ. "ಕಾಕಾ, ಹರಿದದ್ದ ಬೇಕಂತ ಹುಬ್ಬಳ್ಳಿಂದ ಹುಡುಕಿ ತಂದಿದ್ನಿ!"

"ಹುಬ್ಬಳ್ಳಿತನಾ ಯಾಕ ಹೋದಿ? ನಮ್ಮ ಮನ್ಯಾಗ ಇಂಥಾವು ಗಂಟಗಟ್ಟಲೆ ಅದಾವಲ್ಲೋ."

ತೇಪೆ ಬಿಚ್ಚಿ ಮತ್ತೆ ಹರಿದಂತೆ ಮಾಡಿಕೊಡಲು ಅರ್ಧ ದಿನ ಹಿಡಿಯಿತು. ಆ ಕಸುಬು ನಮ್ಮಪ್ಪ ಕಲಿಸಿರಲಿಲ್ಲ.

ಹೆಸರು

ಅವನ ವಿಡಿಯೋ ಎಲ್ಲರ ಮೊಬೈಲಿಗೆ ಹೋಯಿತು. ಹೆಸರಾಯಿತು. ಒಂದು ಶನಿವಾರ ಹೊಲಿಯುತ್ತ ಕುಳಿತಿದ್ದ ನನ್ನನ್ನು ಅಂಗಡಿಯಿಂದಲೇ ಎಬ್ಬಿಸಿ ಕದರಮಂಡಲಗಿ ಹನುಮಪ್ಪನ ಗುಡಿಗೆ ಕರೆದೊಯ್ದ. ಹುಡುಗಿಯರು ಫೋಟೋಕ್ಕೆ ಮುತ್ತಿದರು. ಒಬ್ಬ ಮುದುಕಿ ಅವರನ್ನು ಸರಿಸಿ ಬಂದಳು. ಅವನ ಪ್ಯಾಂಟು ನೋಡಿದಳು. ನನ್ನ ಕೊರಳಲ್ಲಿ ಉಳಿದಿದ್ದ ಅಳತೆ ಟೇಪು ನೋಡಿದಳು. ನನ್ನನ್ನೇ ಅವನ ಅಪ್ಪ ಅಂದುಕೊಂಡಳು.

"ಟೇಪ್ ಹಾಕ್ಕೊಂಡು ತಿರಗತಿ, ಮಗನ ಮೊಣಕಾಲ ಮುಚ್ಚಾಕ ಆಗವಲ್ದೇನ ನಿನಗ?"

ನಾನು ಬಾಯಿ ತೆರೆಯುವ ಮೊದಲೇ ಅವನು ಅಳುಮುಖ ಮಾಡಿದ. "ನನಗೂ ಹೇಳಿ ಹೇಳಿ ಸಾಕಾತಬೇ. ನಮ್ಮಪ್ಪ ಕೇಳವಲ್ಲ."

ಮುಂದಿನ ಸಾಲು

ರಾಣೆಬೆನ್ನೂರಿನಲ್ಲಿ ಅವರ ಕಾರ್ಯಕ್ರಮ. ನನಗೆ ಮುಂದಿನ ಸಾಲಿನ ಕುರ್ಚಿ. ಡ್ರಮ್ಮಿನ ಹೊಡೆತಕ್ಕೆ ಕುರ್ಚಿಯೇ ನಡುಗಿತು. ಪಕ್ಕದವರು ಕಿವಿಯಲ್ಲಿ ಬೆರಳಿಟ್ಟರು. ನನಗೆ ಮಾತ್ರ ಅಡಿಗೆಮನೆಯಲ್ಲಿ ಪಾತ್ರೆ ಬಡಿದಂತೆ, ನಮ್ಮವರೇ ಯಾರೋ ಬೈಯುತ್ತಿದ್ದಂತೆ ಅನಿಸಿತು. ಕಣ್ಣು ಮುಚ್ಚಿದವು.

ಎಚ್ಚರಾದಾಗ ಸದ್ದು ನಿಂತಿತ್ತು. ಎದುರಿಗೆ ಅವನು, ಬೆವರು ಸುರಿಸುತ್ತ. "ಹೆಂಗಿತ್ತು ಕಾಕಾ?"

"ಯಾಕ ನಿಲ್ಲಿಸಿದ್ರ್ಯೋ? ಇನ್ನಷ್ಟು ಬಾರಸ್ರಿ."

ಅಪ್ಪಿಕೊಂಡ. ಇಂಥ ಅಭಿಮಾನಿ ಜಿಲ್ಲೆಯಲ್ಲೇ ಇಲ್ಲ ಎಂದು ಎಲ್ಲರಿಗೂ ಹೇಳಿದ.

ನೇರ ಪ್ರಸಾರ

ಹಾವೇರಿಯ ಕೇಬಲ್ ಟಿವಿಯವರು ಅವನನ್ನು ಮಾತುಕತೆಗೆ ಕರೆದರು. ಜೊತೆಗೊಬ್ಬ ಅಭಿಮಾನಿ ಬೇಕು ಎಂದರು. ನನ್ನನ್ನು ಕರೆದೊಯ್ದ.

ನಿರೂಪಕಿ ಕೇಳಿದಳು, "ಕಾಕಾರ, ಈ ಸಂಗೀತದಾಗ ನಿಮಗೇನು ಹಿಡಿಸ್ತು?"

ವಿಚಾರ ಮಾಡಿದೆ. ನಾನು ವಿಚಾರ ಮಾಡಿದರೆ ಹೊತ್ತು ಹಿಡಿಯುತ್ತದೆ. ಆಕೆ ಕ್ಯಾಮೆರಾ ನೋಡಿ ನಕ್ಕಳು. ಮತ್ತೂ ನಕ್ಕಳು. ಅಷ್ಟು ದೀಪಗಳ ನಡುವೆ ನನಗೆ ಸುಳ್ಳು ಹೊರಡಲಿಲ್ಲ.

"ನಮ್ಮಾಕಿ ಹೋದಮ್ಯಾಲೆ ನನಗ ನಿದ್ದಿನ ಇದ್ದಿಲ್ರಿ. ಇವರು ಬಾರಸಾಕ ಹತ್ತಿದ್ರು, ನಿದ್ದಿ ಬಂತು. ಈಗ ದಿನಾ ಮೊಬೈಲ್‌ನ್ಯಾಗ ಹಚ್ಚಿ ಮಲಗತೇನಿ. ಹುಡುಗಗ ದೇವರು ಒಳ್ಳೇದು ಮಾಡ್ಲಿ."

ಹಾಡುಗಾರ ನನ್ನ ಕಡೆ ತಿರುಗಿದ. "ಕಾಕಾ, ಅವತ್ತು ರಾಣೆಬೆನ್ನೂರಾಗ ಮಲಗಿದ್ದೇನ ನೀ?"

"ಮೊದಲನೇ ಹಾಡಿಗೇ."

ನಿರೂಪಕಿ ಅವಸರದಿಂದ ನೋಡುಗರ ಫೋನು ತೆಗೆದುಕೊಂಡಳು. ಕಾಗಿನೆಲೆಯಿಂದ ಒಬ್ಬ ಹೆಣ್ಣುಮಗಳು.

"ನಮಸ್ಕಾರ್ರೀ. ನಮ್ಮ ಮನಿಯವ್ರಿಗೂ ನಿದ್ದಿಲ್ರಿ. ಆ ಹಾಡು ಊಟಕ್ಕ ಮೊದಲ ಹಚ್ಚಬೇಕೋ, ಊಟ ಆದಮ್ಯಾಲೋ?"

ಅವನು ನನ್ನನ್ನೇ ನೋಡಿದ. ಮೆಲ್ಲಗೆ ನನ್ನ ಕೈ ಹಿಡಿದುಕೊಂಡು ಮೈಕಿಗೆ ಬಾಗಿದ.

"ಊಟ ಆದಮ್ಯಾಲ್ರಿ ಅಕ್ಕಾರ. ಬಾಜೂ ಮನಿಗೂ ಕೇಳೋಹಂಗ ಹಚ್ರಿ. ಪಾಪ, ಅವರೂ ಮಲಗಲಿ."